ಬೆಳೆಗಾರರಿಗೆ ಡಿಜಿಟಲ್ ಕ್ಯಾಮೆರಾ: ಮಧ್ಯಮ ದರ್ಜೆಯದರ ಆಯ್ಕೆ ಮತ್ತು ಉಪಕರಣಗಳು

ಅಡಿಕೆ ಮರದ ತಲೆಯಲ್ಲಿ ಏನು ನಡೆಯುತ್ತಿದೆ ಎಂಬುದು ನೆಲದ ಮೇಲೆ ನಿಂತ ಬೆಳೆಗಾರನಿಗೆ ತಿಳಿಯುವಾಗ ಅನೇಕ ಸಲ ಹೊತ್ತು ಮೀರಿರುತ್ತದೆ. ಕೊಳೆ ರೋಗ ತಗುಲಿದ ಕಾಯಿ ಕಾಲಬುಡದಲ್ಲಿ ಬಿದ್ದ ಮೇಲೆಯೇ ಮದ್ದು ಹೊಡೆಯುವ ಯೋಚನೆ ಮೊದಲಾಗುತ್ತದೆ. ಮರ ಹತ್ತಿ ನೋಡಿ ಹೇಳಬಲ್ಲ ಕೊನೆಗೌಡರ ಸಂಖ್ಯೆಯಂತೂ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಹೀಗಿರುವಾಗ ತೋಟದ ಚಿತ್ರ ತೆಗೆದು ತಜ್ಞರಿಗೆ ಕಳಿಸುವ ಪದ್ಧತಿ ಈಗ ಎಲ್ಲ ಕಡೆ ರೂಢಿಗೆ ಬಂದಿದೆ. ಆದರೆ ಸಂಘದ ಕಚೇರಿಗೆ ಬರುವ ಚಿತ್ರಗಳನ್ನು ನೋಡಿದರೆ, ಬಹಳಷ್ಟರಲ್ಲಿ ಬಿಳಿಯ ಆಕಾಶವೂ ಅದರ ನಡುವೆ ಕಪ್ಪು ಮುದ್ದೆಯಂತಹ ಒಂದು ಮರದ ತಲೆಯೂ ಮಾತ್ರ ಕಾಣುತ್ತವೆ. ಅಂಥ ಚಿತ್ರ ನೋಡಿ ಸಲಹೆ ಕೊಡುವುದೆಂದರೆ ನಾಡಿ ಹಿಡಿಯದೆ ಔಷಧ ಕೊಟ್ಟಂತೆ. ತಪ್ಪು ಸಲಹೆಯಿಂದ ಒಂದು ಸುತ್ತು ಮದ್ದಿನ ಖರ್ಚು ವ್ಯರ್ಥವಾಗುವುದಲ್ಲದೆ, ಸರಿಯಾದ ಮದ್ದಿನ ಕಾಲವೂ ತಪ್ಪಿಹೋಗುತ್ತದೆ.

ಕುಮಟಾ, ಹೊನ್ನಾವರ, ಭಟ್ಕಳ ಕಡೆಯ ಸದಸ್ಯರಲ್ಲಿ ಹಲವರು “ಫೋನು ಸಾಲುತ್ತಿಲ್ಲ, ಒಂದು ಒಳ್ಳೆಯ ಕ್ಯಾಮೆರಾ ಕೊಳ್ಳೋಣವೆಂದಿದ್ದೇವೆ, ಯಾವುದು ಆದೀತು?” ಎಂದು ವಿಚಾರಿಸುತ್ತಿದ್ದಾರೆ. ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಹೇಳುವುದಕ್ಕಿಂತ ಎಲ್ಲರಿಗೂ ಉಪಯೋಗವಾಗಲೆಂದು ಈ ವಿಷಯವನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ. ಕ್ಯಾಮೆರಾ, ಲೆನ್ಸ್ ಮತ್ತು ಉಪಕರಣ ಸೇರಿ 50 ಸಾವಿರದಿಂದ ಒಂದು ಲಕ್ಷ ರೂಪಾಯಿಯ ಆಸುಪಾಸಿನಲ್ಲಿ ಬರುವುದನ್ನು ನಾವು ಇಲ್ಲಿ ಮಧ್ಯಮ ದರ್ಜೆ ಎಂದು ಇಟ್ಟುಕೊಂಡಿದ್ದೇವೆ.

ಹಿನ್ನೆಲೆ

ನಮ್ಮಲ್ಲಿ ಹಿರಿಯರಿಗೆ ಆಗ್ಫಾ ಕ್ಲಿಕ್ 3 ಎಂಬ ಪೆಟ್ಟಿಗೆ ಕ್ಯಾಮೆರಾದ ನೆನಪಿರಬಹುದು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಕಪ್ಪು-ಬಿಳುಪು ಫಿಲ್ಮನ್ನು ಹಾಕಿ, ಸುರುಳಿ ಮುಗಿಯುವವರೆಗೆ ಕಾದು, ಪೇಟೆಗೆ ಕೊಟ್ಟು ತೊಳೆಸಿ ತರುವ ಕಾಲ ಅದು. 1975ರಲ್ಲಿ ಅಮೆರಿಕದ ಕೊಡ್ಯಾಕ್ ಸಂಸ್ಥೆಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಫಿಲ್ಮಿಲ್ಲದ ಕ್ಯಾಮೆರಾವೊಂದನ್ನು ಜೋಡಿಸಿದರು. ಅದರ ತೂಕ ಸುಮಾರು 3.6 ಕಿಲೋ, ಒಂದು ಚಿತ್ರವನ್ನು ಕ್ಯಾಸೆಟ್ ಟೇಪಿನಲ್ಲಿ ದಾಖಲಿಸಲು 23 ಸೆಕೆಂಡು ಬೇಕಾಗುತ್ತಿತ್ತು, ಚಿತ್ರದಲ್ಲಿದ್ದುದು ಕೇವಲ ಹತ್ತು ಸಾವಿರ ಬಿಂದುಗಳು. ಇಂದು ಮಧ್ಯಮ ದರ್ಜೆಯ ಕ್ಯಾಮೆರಾದಲ್ಲಿ ಎರಡು ಕೋಟಿಗೂ ಮೇಲ್ಪಟ್ಟು ಬಿಂದುಗಳಿರುತ್ತವೆ.

ತೋಟದವನಿಗೆ ಕ್ಯಾಮೆರಾ ಏಕೆ ಎಂದು ಕೇಳುವವರಿಗೆ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರ ಹೆಸರನ್ನು ಹೇಳಿದರೆ ಸಾಕು. 2007ರಲ್ಲಿ ತೀರಿಕೊಂಡ ಅವರು ಕಾಫಿ ಬೆಳೆಗಾರರಾಗಿದ್ದುಕೊಂಡೇ ಕನ್ನಡದ ದೊಡ್ಡ ಲೇಖಕರೂ ಹಕ್ಕಿಗಳ ಛಾಯಾಗ್ರಾಹಕರೂ ಆಗಿದ್ದರು. 1988ರಲ್ಲಿ ಪುತ್ತೂರಿನಲ್ಲಿ ಆರಂಭವಾದ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೆ ಲೇಖನಿ ಕೊಡುವ ಧ್ಯೇಯವನ್ನಿಟ್ಟುಕೊಂಡು ಹೊರಟಿತು. ಲೇಖನಿ ಹಿಡಿದ ಕೈಗೆ ಕ್ಯಾಮೆರಾವೂ ಭಾರವಾಗಲಾರದು.

ಮೊದಲ ಪ್ರಶ್ನೆ: ಬೇಕೇ, ಬೇಡವೇ?

ಕ್ಯಾಮೆರಾ ಕೊಳ್ಳುವ ಮೊದಲು ಫೋನಿನಿಂದ ಆಗುವ ಕೆಲಸ ಯಾವುದು ಎಂಬುದನ್ನು ತೂಗಿ ನೋಡಬೇಕು. ಕೈಗೆ ಸಿಗುವ ಎತ್ತರದ ಎಲೆ, ಉದುರಿದ ಮಿಳ್ಳೆ, ಅಂಗಳದಲ್ಲಿ ಹರಡಿದ ಚಾಲಿ, ಕುಸಿದ ದರೆ ಇವುಗಳ ಚಿತ್ರಕ್ಕೆ ಇಂದಿನ ಸಾಧಾರಣ ಫೋನೇ ಧಾರಾಳವಾಗಿ ಸಾಕು. 2020ರಿಂದ ಕರ್ನಾಟಕದಲ್ಲಿ ರೈತರೇ ಮಾಡುವ ಬೆಳೆ ಸಮೀಕ್ಷೆಗೂ ಫೋನೇ ಬೇಕು. ಸ್ಥಳದ ಗುರುತು ಸಮೇತ ಚಿತ್ರ ಆ್ಯಪಿನೊಳಗಿಂದಲೇ ಹೋಗಬೇಕಾದ್ದರಿಂದ ಅಲ್ಲಿ ಕ್ಯಾಮೆರಾ ನಡೆಯದು.

ಫೋನು ಸೋಲುವುದು ಮೂರು ಕಡೆ: ಎತ್ತರದಲ್ಲಿರುವ ಕೊನೆ ಮತ್ತು ಸೋಗೆ, ಅತಿ ಸಣ್ಣ ಹುಳು, ದೂರದ ಪ್ರಾಣಿ-ಪಕ್ಷಿ. ಈ ಮೂರರಲ್ಲಿ ಒಂದಾದರೂ ತಮಗೆ ಅಗತ್ಯವೆನಿಸಿದರೆ ಮಾತ್ರ ಕ್ಯಾಮೆರಾ ಕೊಳ್ಳಬೇಕು. ಮದುವೆ, ಉಪನಯನಗಳಲ್ಲಿ ನಾಲ್ಕು ಚಿತ್ರ ತೆಗೆಯುವುದಕ್ಕೆಂದು ಇಷ್ಟು ಹಣ ಹಾಕುವುದು ನಮ್ಮ ಅಭಿಪ್ರಾಯದಲ್ಲಿ ದಂಡ.

ಮೆಗಾಪಿಕ್ಸೆಲ್ ಎಂಬ ಮೋಹ

ಅಂಗಡಿಯಲ್ಲಿ ಮೊದಲು ಕಿವಿಗೆ ಬೀಳುವುದು ಮೆಗಾಪಿಕ್ಸೆಲ್ ಸಂಖ್ಯೆ. ಇದರ ಅರ್ಥ ಚಿತ್ರದಲ್ಲಿರುವ ಬಿಂದುಗಳ ಲೆಕ್ಕ, ಹತ್ತು ಲಕ್ಷಗಳಲ್ಲಿ. 12 ಮೆಗಾಪಿಕ್ಸೆಲ್ ಚಿತ್ರದಲ್ಲಿ 4000 ಅಡ್ಡ ಬಿಂದು, 3000 ಉದ್ದ ಬಿಂದುಗಳಿರುತ್ತವೆ. ಒಳ್ಳೆಯ ಮುದ್ರಣಕ್ಕೆ ಅಂಗುಲಕ್ಕೆ 300 ಬಿಂದು ಬೇಕೆಂದು ಹಿಡಿದರೂ 13 ಅಂಗುಲ ಅಗಲ, 10 ಅಂಗುಲ ಎತ್ತರದ ಚಿತ್ರ ಇದರಿಂದ ಬರುತ್ತದೆ. ಅದು ನಮ್ಮ ಈ ಪತ್ರಿಕೆಯ ಪುಟಕ್ಕಿಂತ ದೊಡ್ಡದು. ಆದ್ದರಿಂದ 20ರಿಂದ 24 ಮೆಗಾಪಿಕ್ಸೆಲ್ ಇರುವ ಯಾವ ಕ್ಯಾಮೆರಾವೂ ಸಾಕು. ಅದಕ್ಕಿಂತ ಹೆಚ್ಚಿನ ಸಂಖ್ಯೆಗೆ ಹೆಚ್ಚು ಹಣ ತೆರಬೇಕಾಗಿಲ್ಲ.

ನಿಜವಾಗಿ ವಿಚಾರಿಸಬೇಕಾದದ್ದು ಸೆನ್ಸರಿನ ಗಾತ್ರವನ್ನು. ಬೆಳಕನ್ನು ಹಿಡಿಯುವ ಈ ಫಲಕ ಮಳೆನೀರು ಹಿಡಿಯಲು ಅಂಗಳದಲ್ಲಿಟ್ಟ ಪಾತ್ರೆಯಿದ್ದಂತೆ. ಬಾಯಿ ಅಗಲವಾದಷ್ಟೂ ಹೆಚ್ಚು ನೀರು. ಸಣ್ಣ ಜೇಬು ಕ್ಯಾಮೆರಾಗಳಲ್ಲಿ ಸೆನ್ಸರ್ ಸುಮಾರು 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರ ಇರುತ್ತದೆ. ಎಪಿಎಸ್-ಸಿ ಎಂಬ ಅಳತೆಯದು ಸುಮಾರು 23.5 ಮತ್ತು 15.6 ಮಿ.ಮೀ. ಇದರ ಕ್ಷೇತ್ರ ಮೊದಲಿನದರ ಹದಿಮೂರು ಪಟ್ಟು. ಮಳೆಗಾಲದ ಮಧ್ಯಾಹ್ನದಲ್ಲೂ ಕತ್ತಲೆ ಕವಿದಿರುವ ನಮ್ಮ ತೋಟಗಳಲ್ಲಿ ಈ ವ್ಯತ್ಯಾಸ ಕಣ್ಣಿಗೆ ಹೊಡೆದು ಕಾಣುತ್ತದೆ. ಹಳೆಯ ಫಿಲ್ಮಿನಷ್ಟೇ ದೊಡ್ಡದಾದ, 36 ಮತ್ತು 24 ಮಿ.ಮೀ.ನ ಪೂರ್ಣ ಚೌಕಟ್ಟಿನ ಕ್ಯಾಮೆರಾ ಇನ್ನೂ ಉತ್ತಮವೇನೋ ಹೌದು. ಆದರೆ ಅದರ ಲೆನ್ಸುಗಳ ಬೆಲೆ ಮತ್ತು ತೂಕ ಎರಡೂ ಮಧ್ಯಮ ದರ್ಜೆಯನ್ನು ಮೀರುತ್ತವೆ. ಬೆಳೆಗಾರರಿಗೆ ಎಪಿಎಸ್-ಸಿ ಹಿತವಾದ ನಡುದಾರಿ.

ಯಾವ ಮಾದರಿ?

ಕನ್ನಡಿಯಿರುವ ಡಿಎಸ್‌ಎಲ್‌ಆರ್ ಮತ್ತು ಕನ್ನಡಿಯಿಲ್ಲದ ಮಿರರ್‌ಲೆಸ್ ಎಂದು ಎರಡು ಜಾತಿ. ಕ್ಯಾನನ್, ನಿಕಾನ್ ಎರಡೂ ಸಂಸ್ಥೆಗಳು 2020ರ ನಂತರ ಹೊಸ ಡಿಎಸ್‌ಎಲ್‌ಆರ್ ಹೊರತಂದಿಲ್ಲ. ಹೊಸ ಲೆನ್ಸುಗಳೆಲ್ಲ ಮಿರರ್‌ಲೆಸ್‌ಗಾಗಿಯೇ ಬರುತ್ತಿವೆ. ಆದ್ದರಿಂದ ಹೊಸದಾಗಿ ಕೊಳ್ಳುವವರು ಮಿರರ್‌ಲೆಸ್ ಕೊಳ್ಳುವುದೇ ಸರಿ. ಅದರ ಇನ್ನೊಂದು ಅನುಕೂಲವೆಂದರೆ, ಚಿತ್ರ ಎಷ್ಟು ಕಪ್ಪಾಗಿ ಅಥವಾ ಬೆಳ್ಳಗೆ ಬರುತ್ತದೆಂಬುದು ಗುಂಡಿ ಒತ್ತುವ ಮೊದಲೇ ಕಾಣುತ್ತದೆ. ಕಲಿಯುವವರಿಗೆ ಇದು ದೊಡ್ಡ ಸಹಾಯ.

2022ರಲ್ಲಿ ಬಂದ ಕ್ಯಾನನ್ ಆರ್10, 2023ರ ಕ್ಯಾನನ್ ಆರ್50, 2024ರ ನಿಕಾನ್ ಝಡ್50-2, 2019ರ ಸೋನಿ ಎ6400 ಇವು ಈ ದರ್ಜೆಯಲ್ಲಿ ಹೋಲಿಸಿ ನೋಡತಕ್ಕವು. ಚಿತ್ರದ ಗುಣದಲ್ಲಿ ಇವುಗಳ ನಡುವೆ ಅಂಥ ಅಂತರವಿಲ್ಲ. ಕೈಯಲ್ಲಿ ಹಿಡಿದಾಗ ಯಾವುದು ಹಿತವೆನಿಸುತ್ತದೆ, ದುರಸ್ತಿ ಕೇಂದ್ರ ಹುಬ್ಬಳ್ಳಿ-ಮಂಗಳೂರು ಕಡೆ ಇದೆಯೇ, ಯಾವ ಲೆನ್ಸ್ ಜೊತೆಗೆ ಬರುತ್ತದೆ ಎಂಬ ಮೂರು ಪ್ರಶ್ನೆಗಳ ಮೇಲೆ ತೀರ್ಮಾನಿಸಬಹುದು.

ಲೆನ್ಸ್ ಬದಲಿಸುವ ಗೋಜು ಬೇಡವೆನ್ನುವವರಿಗೆ ದೊಡ್ಡ ಜೂಮಿನ ಒಂದೇ ಲೆನ್ಸಿರುವ ಕ್ಯಾಮೆರಾಗಳಿವೆ. 2020ರ ನಿಕಾನ್ ಪಿ950 ಅಂಥದ್ದು. ಅದರ ಜೂಮ್ 83 ಪಟ್ಟು. ಮರದ ತಲೆ, ಹಕ್ಕಿ ಎಲ್ಲವೂ ಹತ್ತಿರ ಬರುತ್ತವೆ. ಆದರೆ ಒಳಗಿರುವುದು ಮೇಲೆ ಹೇಳಿದ ಸಣ್ಣ ಸೆನ್ಸರ್. ಬಿಸಿಲಿನಲ್ಲಿ ಚೆಂದ, ಮೋಡದಲ್ಲಿ ಮಸುಕು.

ಲೆನ್ಸಿನ ಲೆಕ್ಕ

ಬೆಳೆಗಾರರು ಅತಿ ಹೆಚ್ಚು ಗಮನ ಕೊಡಬೇಕಾದ ಅಂಶ ಇದು. 12 ಮೀಟರ್, ಅಂದರೆ ಸುಮಾರು 40 ಅಡಿ ದೂರದಲ್ಲಿರುವ 60 ಸೆಂ.ಮೀ. ಉದ್ದದ ಅಡಿಕೆ ಕೊನೆಯನ್ನು ತೆಗೆದುಕೊಳ್ಳೋಣ. ಕೊನೆಯ ಉದ್ದವನ್ನು ಲೆನ್ಸಿನ ನಾಭಿದೂರದಿಂದ ಗುಣಿಸಿ, ದೂರದಿಂದ ಭಾಗಿಸಿದರೆ ಸೆನ್ಸರಿನ ಮೇಲೆ ಬೀಳುವ ಬಿಂಬದ ಅಳತೆ ಸಿಗುತ್ತದೆ. 50 ಮಿ.ಮೀ. ಲೆನ್ಸಿನಲ್ಲಿ ಆ ಬಿಂಬ 2.5 ಮಿ.ಮೀ. ಮಾತ್ರ, ಸುಮಾರು 15 ಮಿ.ಮೀ. ಎತ್ತರದ ಸೆನ್ಸರಿನಲ್ಲಿ ಆರನೇ ಒಂದು ಪಾಲು. 250 ಮಿ.ಮೀ. ಲೆನ್ಸಿನಲ್ಲಿ 12.5 ಮಿ.ಮೀ.; ಚೌಕಟ್ಟಿನ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು. ಮೊದಲನೆಯದರಲ್ಲಿ ಕೊನೆ ಇದೆಯೆಂಬುದು ಕಾಣುತ್ತದೆ. ಎರಡನೆಯದರಲ್ಲಿ ಕಾಯಿಯ ತೊಟ್ಟಿನ ಬಳಿ ಕಪ್ಪಾಗಿದೆಯೇ, ನೀರುಗಲೆ ಎದ್ದಿದೆಯೇ ಎಂಬುದು ಕಾಣುತ್ತದೆ. ಫೋನಿನ ಸಾಮಾನ್ಯ ಲೆನ್ಸಿನಲ್ಲಿ ಇದೇ ಕೊನೆ ಚೌಕಟ್ಟಿನ ಹದಿನೆಂಟನೇ ಒಂದು ಪಾಲಿನಷ್ಟು ಮಾತ್ರ.

ಆದ್ದರಿಂದ ಕ್ಯಾಮೆರಾದ ಜೊತೆ ಬರುವ ಸಣ್ಣ ಜೂಮ್ ಲೆನ್ಸಿಗೆ ತೃಪ್ತರಾಗದೆ, ಎರಡು ಲೆನ್ಸುಗಳ ಕಟ್ಟನ್ನೇ ಕೇಳಬೇಕು. ನಿಕಾನಿನಲ್ಲಿ 50-250, ಕ್ಯಾನನ್ ಮತ್ತು ಸೋನಿಯಲ್ಲಿ 55-210 ಮಿ.ಮೀ.ನ ಹಗುರ ಲೆನ್ಸುಗಳಿವೆ. ದುಬಾರಿ ಕ್ಯಾಮೆರಾ ಮತ್ತು ಒಂದು ಲೆನ್ಸಿಗಿಂತ ಅಗ್ಗದ ಕ್ಯಾಮೆರಾ ಮತ್ತು ಎರಡು ಲೆನ್ಸು ನಮ್ಮ ಕಸುಬಿಗೆ ಹೆಚ್ಚು ಲಾಭದಾಯಕ.

‘ಡಿಜಿಟಲ್ ಜೂಮ್’ ಎಂದು ಬರೆದದ್ದನ್ನು ಲೆಕ್ಕಕ್ಕೆ ಹಿಡಿಯಬಾರದು. ಅದು ಇದ್ದ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸುವುದು. ಹೊಸ ವಿವರ ಅದರಿಂದ ಹುಟ್ಟದು.

ಲೆನ್ಸಿನ ಮೇಲೆ ಎಫ್ 1.8, ಎಫ್ 5.6 ಎಂಬ ಸಂಖ್ಯೆಗಳಿರುತ್ತವೆ. ಸಂಖ್ಯೆ ಸಣ್ಣದಾದಷ್ಟೂ ಕಿಂಡಿ ದೊಡ್ಡದು. ಎಫ್ 1.8ರಲ್ಲಿ ಎಫ್ 5.6ರ ಹತ್ತರಷ್ಟು ಹತ್ತಿರ ಬೆಳಕು ಒಳಬರುತ್ತದೆ. ತೋಟದ ನೆರಳಿನಲ್ಲಿ ಕಾಫಿ ಗಿಡ, ಕಾಳುಮೆಣಸಿನ ಬಳ್ಳಿಗಳ ಚಿತ್ರ ತೆಗೆಯುವವರು ಮುಂದೆ ಎಂದಾದರೂ 35 ಅಥವಾ 50 ಮಿ.ಮೀ.ನ ಎಫ್ 1.8 ಲೆನ್ಸೊಂದನ್ನು ಸೇರಿಸಿಕೊಳ್ಳಬಹುದು.

ಸಣ್ಣ ಹುಳುಗಳಿಗೆ ಬೇರೆ ವ್ಯವಸ್ಥೆ ಬೇಕು. 1990ರಲ್ಲಿ ನೀಲಗಿರಿಯ ಗುಡಲೂರಿನಲ್ಲಿ ಭಾರತಕ್ಕೆ ಕಾಲಿಟ್ಟದ್ದು ಪತ್ತೆಯಾದ ಕಾಫಿ ಕಾಯಿಕೊರಕದ ಉದ್ದ ಸುಮಾರು ಒಂದೂವರೆ ಮಿ.ಮೀ. ಜೊತೆಗೆ ಬರುವ ಲೆನ್ಸುಗಳು ವಸ್ತುವಿನ ಕಾಲು ಭಾಗದಷ್ಟು ಬಿಂಬವನ್ನು ಕೊಟ್ಟರೆ ಹೆಚ್ಚು. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಆಗ ಹುಳುವಿಗೆ ಸಿಗುವುದು ನೂರಕ್ಕೂ ಕಡಿಮೆ ಬಿಂದು. ಒಂದಕ್ಕೊಂದು ಸಮನಾದ ಬಿಂಬ ಕೊಡುವ ಮ್ಯಾಕ್ರೋ ಲೆನ್ಸಿನಲ್ಲಿ 380ರಷ್ಟು. ಮ್ಯಾಕ್ರೋ ಲೆನ್ಸ್ ದುಬಾರಿ. ಅದರ ಬದಲು ಕ್ಯಾಮೆರಾ ಮತ್ತು ಲೆನ್ಸಿನ ನಡುವೆ ಹಾಕುವ ಎಕ್ಸ್‌ಟೆನ್ಷನ್ ಟ್ಯೂಬ್ ಕಡಿಮೆ ಬೆಲೆಗೆ ಬಹುಪಾಲು ಅದೇ ಕೆಲಸ ಮಾಡುತ್ತದೆ.

ಉಪಕರಣಗಳು: ಬೇಕಾದವು, ಬೇಡದವು

ಒಟ್ಟು ಹಣವನ್ನು ಹತ್ತು ಪಾಲು ಮಾಡಿದರೆ ಆರು ಪಾಲು ಕ್ಯಾಮೆರಾ ಮತ್ತು ಸಣ್ಣ ಲೆನ್ಸಿಗೆ, ಎರಡೂವರೆ ಪಾಲು ಉದ್ದ ಲೆನ್ಸಿಗೆ, ಉಳಿದ ಒಂದೂವರೆ ಪಾಲು ಉಪಕರಣಗಳಿಗೆ ಎಂದು ಇಟ್ಟುಕೊಳ್ಳುವುದು ಯೋಗ್ಯ. ಈ ಕೊನೆಯ ಪಾಲನ್ನು ಮರೆತು ಕೈ ಬರಿದು ಮಾಡಿಕೊಳ್ಳುವವರೇ ಹೆಚ್ಚು.

1. ಎರಡನೆಯ ಬ್ಯಾಟರಿ. ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ದಿನಗಟ್ಟಲೆ ವಿದ್ಯುತ್ತಿಲ್ಲದ ಊರುಗಳು ನಮ್ಮವು. ಪವರ್ ಬ್ಯಾಂಕಿನಿಂದ ಚಾರ್ಜ್ ಆಗುವ ಕ್ಯಾಮೆರಾ ಇನ್ನೂ ಒಳ್ಳೆಯದು.

2. ಮೆಮೊರಿ ಕಾರ್ಡು. 64 ಜಿಬಿಯದೊಂದು ಸಾಕು. ಅದರಲ್ಲಿ ಸುಮಾರು 6000 ಚಿತ್ರ ಹಿಡಿಯುತ್ತದೆ. ನಕಲಿ ಕಾರ್ಡುಗಳ ಹಾವಳಿಯಿರುವುದರಿಂದ ಬಿಲ್ಲು ಕೊಡುವ ಅಂಗಡಿಯಲ್ಲಿಯೇ ಕೊಳ್ಳಬೇಕು.

3. ಪೋಲರೈಸರ್. ಲೆನ್ಸಿನ ಮುಂದೆ ತಿರುಗಿಸುವ ಈ ಗಾಜು ಒದ್ದೆ ಎಲೆಯ ಮೇಲಿನ ಹೊಳಪನ್ನು ಕಡಿಮೆ ಮಾಡಿ ಒಳಗಿನ ಬಣ್ಣವನ್ನು ತೋರಿಸುತ್ತದೆ. ಎಲೆಯ ರೋಗಗಳ ಚಿತ್ರಕ್ಕೆ ಇದರಷ್ಟು ಉಪಕಾರಿ ಬೇರೊಂದಿಲ್ಲ. ಬೆಳಕನ್ನೂ ಕಡಿಮೆ ಮಾಡುವುದರಿಂದ ಕೆಲಸ ಮುಗಿದೊಡನೆ ತೆಗೆದಿಡಬೇಕು.

4. ಮುಕ್ಕಾಲಿ. ಹಗುರವಾದ್ದು ಗಾಳಿಗೆ ಅಲುಗುತ್ತದೆ. ಸ್ವಲ್ಪ ಭಾರವಿದ್ದರೂ ಗಟ್ಟಿಯಾದದ್ದೇ ಇರಲಿ.

5. ಮಳೆ ಹೊದಿಕೆ, ಗಾಳಿ ಊದುವ ರಬ್ಬರ್ ಬುಗ್ಗೆ, ಲೆನ್ಸ್ ಒರೆಸುವ ಬಟ್ಟೆ. ಬೆಲೆ ಅಲ್ಪ, ಪ್ರಯೋಜನ ಬಹಳ.

ಅಂಗಡಿಯವರು ಉಚಿತವೆಂದು ಸೇರಿಸುವ ತೆಳ್ಳಗಿನ ಮುಕ್ಕಾಲಿ, ಬಣ್ಣಬಣ್ಣದ ಫಿಲ್ಟರುಗಳಿಗೆ ಮರುಳಾಗಬೇಕಾಗಿಲ್ಲ. ಅದರ ಬದಲು ಬೆಲೆಯಲ್ಲಿ ಇಳಿಸಲು ಕೇಳುವುದು ಲೇಸು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಫೋನನ್ನೋ ಸಣ್ಣ ಕ್ಯಾಮೆರಾವನ್ನೋ ದೋಟಿಯ ತುದಿಗೆ ಕಟ್ಟಿ ಮೇಲೆತ್ತಿ ಚಿತ್ರ ತೆಗೆಯುವ ಉಪಾಯವನ್ನು ಕೆಲವರು ಮಾಡುತ್ತಾರೆ. ಅಲ್ಯುಮಿನಿಯಂ ದೋಟಿಯಲ್ಲಿ ವಿದ್ಯುತ್ ಹರಿಯುತ್ತದೆಂಬುದು ಎಲ್ಲರಿಗೂ ಗೊತ್ತು. ಕಾರ್ಬನ್ ಫೈಬರ್ ದೋಟಿಯಲ್ಲಿಯೂ ಹರಿಯುತ್ತದೆ ಎಂಬುದು ಅನೇಕರಿಗೆ ಗೊತ್ತಿಲ್ಲ. ಮೇಲೆ ತಂತಿ ಹಾದುಹೋಗಿರುವ ತೋಟದಲ್ಲಿ, ಅದರಲ್ಲೂ ಕಣ್ಣು ಪರದೆಯ ಮೇಲೆ ನೆಟ್ಟಿರುವಾಗ, ಈ ಸಾಹಸ ಖಂಡಿತ ಕೂಡದು. ಉದ್ದ ಲೆನ್ಸಿಗೆ ಹಾಕುವ ಹಣ ಒಂದು ಜೀವಕ್ಕಿಂತ ಹೆಚ್ಚಿನದಲ್ಲ.

ಬೂಷ್ಟು: ನಮ್ಮ ಊರಿನ ಮುಖ್ಯ ಶತ್ರು

ವರ್ಷಕ್ಕೆ 3000 ಮಿ.ಮೀ.ಗೂ ಮಿಕ್ಕಿ ಮಳೆ ಬೀಳುವ ಅಘನಾಶಿನಿ, ಶರಾವತಿ ತಪ್ಪಲಿನಲ್ಲಿ ಕ್ಯಾಮೆರಾ ಕೆಡುವುದು ಬಿದ್ದು ಒಡೆಯುವುದರಿಂದಲ್ಲ, ಬೂಷ್ಟಿನಿಂದ. ಸರಿಯಾಗಿ ಒಣಗದ ಚಾಲಿಗೆ ಬೂಷ್ಟು ಬರುವ ಹಾಗೆಯೇ ಲೆನ್ಸಿನ ಗಾಜಿನ ಮೇಲೂ ಬರುತ್ತದೆ. ಜೇಡರ ಬಲೆಯಂತೆ ಹಬ್ಬುವ ಅದು ಗಾಜಿನ ಲೇಪವನ್ನು ತಿಂದರೆ ಒರೆಸಿದರೂ ಹೋಗದು. ಕಪಾಟು, ಚರ್ಮದ ಚೀಲ, ಟ್ರಂಕು ಇವೆಲ್ಲ ಬೂಷ್ಟಿನ ತವರು. ಬೆಚ್ಚಗಿರುತ್ತದೆಂದು ಒಲೆಯ ಮೇಲಿನ ಅಟ್ಟದಲ್ಲಿಡುವುದೂ ಸರಿಯಲ್ಲ. ಹೊಗೆಯ ಜಿಡ್ಡು ಗಾಜಿಗೆ ಅಂಟುತ್ತದೆ.

ಬಾಯಿಗೆ ರಬ್ಬರ್ ಪಟ್ಟಿಯಿರುವ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಕಾಲು ಕಿಲೋ ಸಿಲಿಕಾ ಜೆಲ್, ಜೊತೆಗೆ ತೇವಾಂಶ ತೋರಿಸುವ ಸಣ್ಣ ಮಾಪಕ ಇಷ್ಟಿದ್ದರೆ ಸಾಕು. ಮಾಪಕ 40ರಿಂದ 50 ಪ್ರತಿಶತ ತೋರಿಸುತ್ತಿರಬೇಕು. 60 ದಾಟಿದರೆ ಜೆಲ್ಲನ್ನು ಸಣ್ಣ ಉರಿಯ ಮೇಲೆ ಹುರಿದು, ಆರಿಸಿ, ಮತ್ತೆ ಹಾಕಬೇಕು. ಬಣ್ಣ ಬದಲಾಯಿಸುವ ನೀಲಿ ಜೆಲ್ಲಿನಲ್ಲಿ ವಿಷಕಾರಿ ಕೋಬಾಲ್ಟ್ ಲವಣವಿರುವುದರಿಂದ ಅಡಿಗೆಯ ಬಾಣಲೆಯನ್ನು ಇದಕ್ಕೆ ಬಳಸಬಾರದು, ಮಕ್ಕಳ ಕೈಗೂ ಸಿಗಬಾರದು. ಅಕ್ಕಿಯ ಡಬ್ಬದಲ್ಲಿ ಹುಗಿದಿಡುವ ಪದ್ಧತಿಯಿಂದ ಸೇರುವುದು ಹಿಟ್ಟಿನ ಧೂಳೇ ಹೊರತು ಬೇರೇನಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಕ್ಯಾಮೆರಾವನ್ನು ವಾರಕ್ಕೊಮ್ಮೆಯಾದರೂ ಹೊರತೆಗೆದು ಉಪಯೋಗಿಸುತ್ತಿರಬೇಕು.

ಮುರ್ಡೇಶ್ವರ, ತದಡಿ ಕಡೆಯ ಕಡಲಗಾಳಿಯಲ್ಲಿ ಓಡಾಡಿ ಬಂದ ದಿನ ಕ್ಯಾಮೆರಾದ ಮೈಯನ್ನು ಸ್ವಲ್ಪ ಒದ್ದೆ ಮಾಡಿದ ಬಟ್ಟೆಯಿಂದ, ಆಮೇಲೆ ಒಣ ಬಟ್ಟೆಯಿಂದ ಒರೆಸುವುದು ಅಗತ್ಯ. ಉಪ್ಪು ಲೋಹವನ್ನು ಬಿಡುವುದಿಲ್ಲ.

ತೋಟದಲ್ಲಿ ಚಿತ್ರ ತೆಗೆಯುವ ಬಗೆ

ಆಕಾಶದ ಎದುರು ಮರದ ತಲೆ ಕಪ್ಪಾಗುವುದಕ್ಕೆ ಕಾರಣ, ಕ್ಯಾಮೆರಾ ಆಕಾಶದ ಬೆಳಕನ್ನು ನೋಡಿ ಚಿತ್ರವನ್ನು ತಗ್ಗಿಸುವುದು. ಎಕ್ಸ್‌ಪೋಷರ್ ತಿದ್ದುವ ಗುಂಡಿಯನ್ನು ಒಂದರಿಂದ ಎರಡು ಹೆಜ್ಜೆ ಮೇಲಕ್ಕೆ ತಿರುಗಿಸಿದರೆ ಆಕಾಶ ಬೆಳ್ಳಗಾದರೂ ಕೊನೆ ಸ್ಪಷ್ಟವಾಗುತ್ತದೆ. ಅಡಿಕೆ ಮರ ಸದಾ ತೂಗುವ ಮರ. ಲೆನ್ಸಿನ ನಡುಕ ತಡೆಯುವ ವ್ಯವಸ್ಥೆ ನಮ್ಮ ಕೈಯ ನಡುಕವನ್ನು ತಡೆದೀತೇ ಹೊರತು ಮರದ ತೂಗಾಟವನ್ನಲ್ಲ. ಆದ್ದರಿಂದ ಶಟರ್ ವೇಗ ಸೆಕೆಂಡಿನ 500ನೇ ಒಂದು ಭಾಗಕ್ಕೆ ಕಡಿಮೆಯಾಗದಿರಲಿ.

ತಜ್ಞರಿಗೆ ಕಳಿಸುವಾಗ ನಾಲ್ಕು ಚಿತ್ರಗಳಿರಬೇಕು: ಸುತ್ತಲಿನ ಮರಗಳೊಂದಿಗೆ ಇಡೀ ಮರ, ಮರದ ತಲೆ, ರೋಗ ತಗುಲಿದ ಭಾಗ, ಅದರ ಪಕ್ಕ ಅಳತೆಪಟ್ಟಿ ಇಟ್ಟು ಹತ್ತಿರದಿಂದ ತೆಗೆದದ್ದು. ಎಲೆಚುಕ್ಕೆ ರೋಗದಲ್ಲಿ ಕಂದು ಚುಕ್ಕೆಯ ಸುತ್ತಲಿನ ಹಳದಿ ವಲಯ ಮುಖ್ಯ ಗುರುತು. ಎಲೆಯನ್ನು ಬೆಳಕಿಗೆ ಎದುರಾಗಿ ಹಿಡಿದು ಒಂದು ಚಿತ್ರ, ಬೆನ್ನಿನ ಕಡೆಯಿಂದ ಇನ್ನೊಂದು ತೆಗೆದರೆ ಅದು ತಪ್ಪದೆ ಕಾಣುತ್ತದೆ. ವಾಟ್ಸ್‌ಆ್ಯಪಿನಲ್ಲಿ ಚಿತ್ರವಾಗಿ ಕಳಿಸಿದರೆ ವಿವರ ಕುಗ್ಗುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳಿಸಬೇಕು. ತೋಟದ ಎತ್ತರ-ತಗ್ಗು, ಹಿಂದೆ ಮದ್ದು ಹೊಡೆದ ದಿನ, ಎಷ್ಟು ಮರಕ್ಕೆ ತಗುಲಿದೆ ಎಂಬುದನ್ನು ಎರಡು ಸಾಲು ಬರೆದರೆ ಅರ್ಧ ಪರೀಕ್ಷೆ ಮುಗಿದಂತೆಯೇ.

ಇನ್ನೊಂದು ಅಭ್ಯಾಸವನ್ನು ನಾವು ಎಲ್ಲ ಸದಸ್ಯರಿಗೂ ಆಗ್ರಹಪೂರ್ವಕ ಹೇಳುತ್ತೇವೆ. ತೋಟದಲ್ಲಿ ನಾಲ್ಕೈದು ಕಲ್ಲು ಗುರುತು ಮಾಡಿಕೊಂಡು, ಅಲ್ಲಿಯೇ ನಿಂತು, ಮಳೆಗಾಲಕ್ಕೆ ಮೊದಲು ಮತ್ತು ನಂತರ ಪ್ರತಿ ವರ್ಷ ಅದೇ ದಿಕ್ಕಿಗೆ ಚಿತ್ರ ತೆಗೆದಿಡಿ. ತೋಟದ ತಲೆಗಟ್ಟಿನ ಬೆಟ್ಟದಲ್ಲಿ ಬಿರುಕು, ಹೊಳೆ ದಂಡೆಯ ಕೊರೆತ, ಮರಗಳ ಹಳದಿ ಬಣ್ಣ ಇವು ನಿತ್ಯ ನೋಡುವ ಕಣ್ಣಿಗೆ ಕಾಣವು. ಐದು ವರ್ಷದ ಚಿತ್ರಗಳನ್ನು ಸಾಲಾಗಿ ಇಟ್ಟಾಗ ತಾವೇ ಮಾತಾಡುತ್ತವೆ. 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದದ್ದನ್ನು ಕಂಡ ಮೇಲೆ ಇದರ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಷ್ಟವಾದಾಗ ಅರ್ಜಿಯೊಂದಿಗೆ ಲಗತ್ತಿಸಲೂ ‘ಮೊದಲು ಹೀಗಿತ್ತು’ ಎಂಬ ಚಿತ್ರ ಕೈಯಲ್ಲಿರುತ್ತದೆ. ಇದಕ್ಕಾಗಿ ಕ್ಯಾಮೆರಾದ ದಿನಾಂಕ, ವೇಳೆ ಸರಿಯಾಗಿರಬೇಕು. ಮೂಲ ಚಿತ್ರವನ್ನು ತಿದ್ದದೆ ಎರಡು ಕಡೆ ಪ್ರತಿ ಮಾಡಿಡಬೇಕು.

ಕೊಳ್ಳುವಾಗ

ಡಿಜಿಟಲ್ ಕ್ಯಾಮೆರಾಗಳ ಮೇಲಿನ ಜಿಎಸ್‌ಟಿ 2019ರ ಜನವರಿಯಲ್ಲಿ 28ರಿಂದ 18 ಪ್ರತಿಶತಕ್ಕೆ ಇಳಿಯಿತು. ಬಿಲ್ಲಿಲ್ಲದೆ ಇನ್ನೂ ಅಗ್ಗಕ್ಕೆ ಕೊಡುತ್ತೇವೆಂದು ಬರುವ ಮಾಲಿಗೆ ತಯಾರಕರ ವಾರಂಟಿ ಸಿಗುವುದಿಲ್ಲವೆಂದು ತಿಳಿಯಬೇಕು. ಬಳಸಿದ ಕ್ಯಾಮೆರಾ ಕೊಳ್ಳುವವರು ಲೆನ್ಸಿನ ಒಂದು ಬದಿಯಿಂದ ಟಾರ್ಚು ಬಿಟ್ಟು ಇನ್ನೊಂದು ಬದಿಯಿಂದ ನೋಡಿದರೆ ಬೂಷ್ಟಿನ ಎಳೆಗಳು ಕಾಣುತ್ತವೆ. ಕಂಡರೆ, ಬೆಲೆ ಎಷ್ಟೇ ಕಡಿಮೆಯಿರಲಿ, ಬೇಡವೆನ್ನಬೇಕು.

ಒಬ್ಬರೇ ಕೊಳ್ಳುವುದು ಹೊರೆಯೆನಿಸಿದರೆ ಒಂದು ಕೇರಿಯ ನಾಲ್ಕೈದು ಮನೆಯವರು ಕೂಡಿ ಒಂದು ಕ್ಯಾಮೆರಾ ಕೊಳ್ಳಬಹುದು. ಮದ್ದಿನ ಪಂಪನ್ನು ಹಾಗೆ ಹಂಚಿಕೊಂಡವರು ನಮ್ಮಲ್ಲಿ ಬೇಕಾದಷ್ಟು ಜನರಿದ್ದಾರೆ. ಆದರೆ ಇಡುವ ಡಬ್ಬಿ ಮತ್ತು ಹುರಿಯುವ ಜೆಲ್ಲಿನ ಜವಾಬ್ದಾರಿ ಒಬ್ಬರ ಹೆಸರಿನಲ್ಲಿಯೇ ಇರಲಿ. ಕ್ಯಾಮೆರಾ ಹೊಸದಾಗಿ ಬಂದವರು ಬೇಸಿಗೆಯಲ್ಲಿಯೇ ಕೈ ಪಳಗಿಸಿಕೊಂಡರೆ, ಮುಂಗಾರಿಗೆ ಮೊದಲಿನ ಬೋರ್ಡೋ ಸಿಂಪರಣೆಯಾಗಿ, ನಲವತ್ತು-ನಲವತ್ತೈದು ದಿನಕ್ಕೆ ಎರಡನೆಯದರ ಸರದಿ ಬರುವಾಗ, ಮರ ಹತ್ತದೆಯೇ ಕೊನೆಯ ಸ್ಥಿತಿಯನ್ನು ನೋಡಿ ನಿರ್ಧರಿಸಲು ಅನುಕೂಲವಾಗುತ್ತದೆ.